1 ಬರೆದ ಮೇಲೆ 2 ಯಾಕೆ ಬರೆಯಬೇಕು? ಪ್ರಾಶಸ್ತ್ಯ ಮತದ ಲೆಕ್ಕಾಚಾರ

ವಿಧಾನ ಪರಿಷತ್ತಿಗೆ ಪದವೀಧರರಷ್ಟೇ ಮತ ಹಾಕುವ ಪದವೀಧರ ಕ್ಷೇತ್ರದ ಚುನಾವಣೆ ಬಂತೆಂದರೆ ಫೋನಿಗೆ ಬರುವ ಪ್ರಚಾರದ ಸಂದೇಶಗಳೆಲ್ಲ ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತವೆ. ನಮ್ಮ ಅಭ್ಯರ್ಥಿಯ ಹೆಸರಿನ ಮುಂದೆ 1 ಎಂದು ಬರೆಯಿರಿ, ಉಳಿದವರಿಗೆ ಯಾವ ಪ್ರಾಶಸ್ತ್ಯವನ್ನೂ ಕೊಡಬೇಡಿ. ಪಕ್ಷ ಯಾವುದೇ ಇರಲಿ, ಪಕ್ಷೇತರರೇ ಇರಲಿ, ಮಾತು ಬದಲಾಗುವುದಿಲ್ಲ. ಮತದಾರರೂ ತಲೆ ಕೆಡಿಸಿಕೊಳ್ಳದೆ 1 ಬರೆದು, ಚೀಟಿ ಮಡಚಿ, ಪೆಟ್ಟಿಗೆಗೆ ಹಾಕಿ ಬರುತ್ತಾರೆ. ಈ ಸಲಹೆಯಿಂದ ಮತದಾರನಿಗೆ ಎಳ್ಳಷ್ಟೂ ಪ್ರಯೋಜನವಿಲ್ಲ. ಲೆಕ್ಕ ಹಾಕಿ ನೋಡಿದರೆ, ಸಲಹೆ ಕೊಟ್ಟ ಅಭ್ಯರ್ಥಿಗೂ ಇಲ್ಲ. ಅದು ಯಾಕೆ ಎಂದು ತಿಳಿಯಬೇಕಾದರೆ ಎಣಿಕೆ ಮೇಜಿನ ಮೇಲೆ ಆ ಚೀಟಿಗೆ ಏನೇನಾಗುತ್ತದೆ ಎಂಬುದನ್ನು ನೋಡಬೇಕು.

ಲೋಕಸಭೆ, ವಿಧಾನಸಭೆ ಚುನಾವಣೆಯ ಲೆಕ್ಕ ಎಲ್ಲರಿಗೂ ಗೊತ್ತು. ಯಾರಿಗೆ ಹೆಚ್ಚು ಮತವೋ ಅವರು ಗೆದ್ದರು. ನೂರರಲ್ಲಿ 30 ಮತ ಬಂದರೂ ಸಾಕು, ಎದುರಾಳಿಗಳೆಲ್ಲ ಅದಕ್ಕಿಂತ ಕೆಳಗಿದ್ದರೆ ಆಯಿತು. ಆದರೆ ನಮ್ಮ ಸಂವಿಧಾನ ಎಲ್ಲ ಚುನಾವಣೆಗೂ ಈ ಸರಳ ಲೆಕ್ಕವನ್ನು ಇಟ್ಟಿಲ್ಲ. ರಾಷ್ಟ್ರಪತಿ, ಉಪರಾಷ್ಟ್ರಪತಿ, ರಾಜ್ಯಸಭೆ, ವಿಧಾನ ಪರಿಷತ್ತು ಈ ನಾಲ್ಕಕ್ಕೂ ಏಕ ವರ್ಗಾವಣೀಯ ಮತ ಎಂಬ ಪದ್ಧತಿಯನ್ನು ಹೇಳಿದೆ, ಅಂದರೆ ಒಬ್ಬರಿಗೆ ಒಂದೇ ಮತ, ಆದರೆ ಅದು ಬೇಕಾದಾಗ ಮತದಾರ ಬರೆದ ಮುಂದಿನ ಆಯ್ಕೆಗೆ ವರ್ಗವಾಗುತ್ತದೆ. ಹತ್ತೊಂಬತ್ತನೇ ಶತಮಾನದ ಮಧ್ಯಭಾಗದಲ್ಲಿ ಡೆನ್ಮಾರ್ಕಿನ ಕಾರ್ಲ್ ಆಂಡ್ರೆ, ಇಂಗ್ಲೆಂಡಿನ ಥಾಮಸ್ ಹೇರ್ ಬೇರೆ ಬೇರೆಯಾಗಿ ಯೋಚಿಸಿ ಕಂಡುಕೊಂಡ ಪದ್ಧತಿ ಇದು. ಐರ್ಲೆಂಡಿನಲ್ಲಿ ಸಂಸತ್ತಿನ ಕೆಳಮನೆಗೆ, ಮಾಲ್ಟಾದಲ್ಲಿ ಸಂಸತ್ತಿಗೆ ಸಾಮಾನ್ಯ ಜನ ಹೀಗೇ ಮತ ಹಾಕುತ್ತಾರೆ. ನಮ್ಮಲ್ಲಿ ಇದು ಬಹುತೇಕ ಶಾಸಕರು, ಸಂಸದರಿಗೆ ಮೀಸಲಾದ ವಿದ್ಯೆ. ಜನಸಾಮಾನ್ಯರ ಕೈಗೆ ಸಿಗುವುದು ಪರಿಷತ್ತಿನ ಕೆಲವು ಕ್ಷೇತ್ರಗಳಲ್ಲಿ ಮಾತ್ರ.

ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳಿವೆ. 25 ಮಂದಿಯನ್ನು ಶಾಸಕರು ಆರಿಸುತ್ತಾರೆ. ಇನ್ನು 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು, ಅಂದರೆ ಬಹುಪಾಲು ಗ್ರಾಮ ಪಂಚಾಯಿತಿ ಸದಸ್ಯರು, ಆರಿಸುತ್ತಾರೆ. ಪದವೀಧರರು 7, ಶಿಕ್ಷಕರು 7. ಉಳಿದ 11 ನಾಮನಿರ್ದೇಶನ. ಅವಧಿ 6 ವರ್ಷ, 2 ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ನಿವೃತ್ತಿ. ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳು ನಾಲ್ಕೈದು ಜಿಲ್ಲೆಗಳಷ್ಟು ವಿಸ್ತಾರವಾಗಿರುವುದರಿಂದ ಅವಕ್ಕೆ ಊರಿನ ಹೆಸರಿಗಿಂತ ದಿಕ್ಕಿನ ಹೆಸರೇ ಹೆಚ್ಚು: ವಾಯವ್ಯ, ಈಶಾನ್ಯ, ಆಗ್ನೇಯ, ನೈರುತ್ಯ. ಬೆಂಗಳೂರು ಮಾತ್ರ ಬೆಂಗಳೂರೇ.

ಒಂದೇ ಸ್ಥಾನವಿರುವ ಪದವೀಧರ ಕ್ಷೇತ್ರದ ಲೆಕ್ಕ ಮೊದಲು ನೋಡೋಣ. ಇಲ್ಲಿ ಮತಯಂತ್ರವಿಲ್ಲ, ಕಾಗದದ ಮತಪತ್ರ. ಅಭ್ಯರ್ಥಿಗಳ ಹೆಸರಿನ ಮುಂದೆ ಖಾಲಿ ಜಾಗ. ಅಲ್ಲಿ ನಿಮ್ಮ ಮೊದಲ ಆಯ್ಕೆಗೆ 1, ಎರಡನೆಯದಕ್ಕೆ 2, ಹೀಗೆ ಕಣದಲ್ಲಿ ಎಷ್ಟು ಜನರಿದ್ದಾರೋ ಅಷ್ಟರವರೆಗೂ ಬರೆಯುತ್ತಾ ಹೋಗಬಹುದು. ಕಡ್ಡಾಯವಾಗಿರುವುದು 1 ಮಾತ್ರ.

ಎಣಿಕೆಯ ದಿನ ಪೆಟ್ಟಿಗೆಗಳಲ್ಲಿದ್ದ ಚೀಟಿಗಳನ್ನೆಲ್ಲ ಬೆರೆಸಿ, ಅಸಿಂಧು ಮತಗಳನ್ನು ಬೇರ್ಪಡಿಸುತ್ತಾರೆ. ಸಿಂಧುವಾದ ಮತಗಳು 10,000 ಉಳಿದವು ಎಂದುಕೊಳ್ಳಿ. ಅದರ ಅರ್ಧ 5,000, ಅದಕ್ಕೆ ಒಂದು ಸೇರಿಸಿದರೆ 5,001. ಇದೇ ಕೋಟಾ, ಅಂದರೆ ಗೆಲ್ಲಲು ಮುಟ್ಟಬೇಕಾದ ಸಂಖ್ಯೆ. ಮೊದಲ ಸುತ್ತಿನಲ್ಲೇ ಯಾರಾದರೂ 5,001 ಮುಟ್ಟಿದರೆ ಅಲ್ಲಿಗೆ ಮುಗಿಯಿತು, ಯಾರ ಎರಡನೇ ಪ್ರಾಶಸ್ತ್ಯವನ್ನೂ ಬಿಡಿಸಿ ನೋಡುವುದಿಲ್ಲ. ಯಾರೂ ಮುಟ್ಟದಿದ್ದರೆ ಆಟ ಶುರು.

ಕಣದಲ್ಲಿ ನಾಲ್ವರಿದ್ದಾರೆ. ರಮೇಶನಿಗೆ 4,200, ಸುಮಾಗೆ 3,300, ಬಸವರಾಜನಿಗೆ 1,600, ಅನ್ವರನಿಗೆ 900 ಮೊದಲ ಪ್ರಾಶಸ್ತ್ಯದ ಮತ. ಎಲ್ಲರಿಗಿಂತ ಕೆಳಗಿರುವ ಅನ್ವರ್ ಕಣದಿಂದ ಹೊರಗೆ. ಆದರೆ ಅವನ 900 ಚೀಟಿಗಳು ಹೊರಗೆ ಹೋಗುವುದಿಲ್ಲ. ಒಂದೊಂದನ್ನೂ ತೆಗೆದು 2 ಯಾರ ಮುಂದಿದೆ ಎಂದು ನೋಡಿ, ಅವರ ಕಟ್ಟಿಗೆ ಸೇರಿಸುತ್ತಾರೆ. ಅವುಗಳಲ್ಲಿ 200 ರಮೇಶನಿಗೆ, 500 ಸುಮಾಗೆ, 100 ಬಸವರಾಜನಿಗೆ ಹೋದವು. ಉಳಿದ 100 ಚೀಟಿಗಳಲ್ಲಿ ಬರೀ 1 ಇದೆ, ಮುಂದೇನೂ ಇಲ್ಲ. ಅವು ಪಕ್ಕಕ್ಕೆ ಹೋದವು. ಈಗ ರಮೇಶ 4,400, ಸುಮಾ 3,800, ಬಸವರಾಜ 1,700.

ಇನ್ನೂ ಯಾರೂ ಕೋಟಾ ಮುಟ್ಟಿಲ್ಲ. ಬಸವರಾಜನೂ ಹೊರಗೆ. ಅವನ 1,700 ಚೀಟಿಗಳಲ್ಲಿ 300 ರಮೇಶನಿಗೆ, 1,100 ಸುಮಾಗೆ, 300 ಪಕ್ಕಕ್ಕೆ. (ಅನ್ವರನಿಂದ ಬಂದಿದ್ದ 100 ಚೀಟಿಗಳಲ್ಲಿ ಈಗ ನೋಡುವುದು 3 ಯಾರಿಗಿದೆ ಎಂದು.) ಕೊನೆಗೆ ರಮೇಶ 4,700, ಸುಮಾ 4,900. ಕೋಟಾ ಇಬ್ಬರಿಗೂ ಸಿಗಲಿಲ್ಲ. ಹಿಂದೆ ಬಿದ್ದ ರಮೇಶನನ್ನು ತೆಗೆದರೆ ಕಣದಲ್ಲಿ ಉಳಿಯುವುದು ಸುಮಾ ಒಬ್ಬಳೇ. ಅವಳೇ ಗೆದ್ದಳು. ಮೊದಲ ಸುತ್ತಿನಲ್ಲಿ 900 ಮತ ಮುಂದಿದ್ದವನು ಸೋತ.

ಇದರಲ್ಲಿ ಮೋಸವೇನೂ ಇಲ್ಲ. ಅನ್ವರನನ್ನೋ ಬಸವರಾಜನನ್ನೋ ಬಯಸಿದ್ದವರಲ್ಲಿ ಹೆಚ್ಚಿನವರು ರಮೇಶನಿಗಿಂತ ಸುಮಾ ವಾಸಿ ಎಂದು ಬರೆದಿದ್ದರು, ಅಷ್ಟೆ. ಸೋಲು ಗೆಲುವಿನ ಅಂತರ 200. ಪಕ್ಕಕ್ಕೆ ಹೋಗಿ ಬಿದ್ದ ಚೀಟಿಗಳು 400. ಬರೀ 1 ಹಾಕಿ ಬಂದ ಆ 400 ಜನ, ರಮೇಶನೋ ಸುಮಾಳೋ ಎಂಬ ಕೊನೆಯ ಪ್ರಶ್ನೆ ಬಂದಾಗ ಕೊಠಡಿಯಲ್ಲಿ ಇರಲೇ ಇಲ್ಲ.

ಇನ್ನು ಅಭ್ಯರ್ಥಿಯ ಭಯದ ವಿಷಯ. ನನ್ನ ಮತದಾರ ಎದುರಾಳಿಗೆ 2 ಕೊಟ್ಟರೆ ನನಗೆ ಏಟು ಬೀಳುತ್ತದೆ ಎಂದು ಅವರ ಅಂಜಿಕೆ. ಬೀಳುವುದಿಲ್ಲ. ನೀವು 1 ಕೊಟ್ಟವರು ಕಣದಲ್ಲಿ ಇರುವಷ್ಟು ಹೊತ್ತೂ ನಿಮ್ಮ 2 ಯಾರಿಗಿದೆ ಎಂದು ಎಣಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರು ಹೊರಬಿದ್ದ ಮೇಲಷ್ಟೇ ನಿಮ್ಮ 2ಕ್ಕೆ ಜೀವ. ಹೊರಬಿದ್ದವರಿಗೆ ಅದರಿಂದ ಹೊಸದಾಗಿ ಆಗುವ ನಷ್ಟವೇನು? ಅವರು ಆಗಲೇ ಸೋತಿದ್ದಾರೆ. ಬೂತಿನಲ್ಲಿ ಮತದಾರರು ಗೊಂದಲಕ್ಕೆ ಬಿದ್ದು ಚೀಟಿಯನ್ನೇ ಕೆಡಿಸಬಾರದು ಎಂಬ ಎಚ್ಚರಿಕೆಯಷ್ಟೇ ಆ ಸಲಹೆಯಲ್ಲಿರುವ ಒಳ್ಳೆಯ ಅಂಶ. ನಿಜಕ್ಕೂ ಜಾಣ ಅಭ್ಯರ್ಥಿ ತನ್ನವರಿಗೆ 1 ಬರೆಯಿರಿ ಎನ್ನುವುದರ ಜೊತೆಗೆ, ಎದುರಾಳಿಯ ಬೆಂಬಲಿಗರ ಮನೆಗೂ ಹೋಗಿ ನನಗೆ 2 ಆದರೂ ಕೊಡಿ ಎಂದು ಕೇಳುತ್ತಾನೆ. ನಮ್ಮಲ್ಲಿ ಹಾಗೆ ಕೇಳುವವರು ಕಡಿಮೆ.

ದೇಶದ ಮಟ್ಟದಲ್ಲಿ ಎರಡನೇ ಪ್ರಾಶಸ್ತ್ಯ ಕೆಲಸ ಮಾಡಿದ ದೊಡ್ಡ ಪ್ರಸಂಗಕ್ಕೆ ಬೆಂಗಳೂರಿನ ನಂಟಿದೆ. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಅಭ್ಯರ್ಥಿ ಮಾಡಲಾಯಿತು. ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಇಂದಿರಾ ಆತ್ಮಸಾಕ್ಷಿಯ ಮತಕ್ಕೆ ಕರೆ ಕೊಟ್ಟರು. ವಿರೋಧ ಪಕ್ಷಗಳ ಕಡೆಯಿಂದ ಸಿ.ಡಿ. ದೇಶಮುಖ್ ಇದ್ದರು. ಎಣಿಸಿದಾಗ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮತಮೌಲ್ಯ (ರಾಷ್ಟ್ರಪತಿ ಚುನಾವಣೆಯಲ್ಲಿ ಶಾಸಕ, ಸಂಸದರ ಒಂದೊಂದು ಮತಕ್ಕೂ ಇಂತಿಷ್ಟು ಮೌಲ್ಯ ಕಟ್ಟುತ್ತಾರೆ). ಗೆಲ್ಲಲು ಬೇಕಿದ್ದದ್ದು 4,18,169. ಗಿರಿ ಮುಂದಿದ್ದರೂ ದಡ ಸೇರಿರಲಿಲ್ಲ. ಉಳಿದವರೆಲ್ಲ ಹೊರಬಿದ್ದ ಮೇಲೆ ಅವರ ಚೀಟಿಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯ ನೋಡಿದರು. ರೆಡ್ಡಿಯವರಿಗೆ 91,879 ಬಂತು, ಗಿರಿಯವರಿಗೆ ಬರೀ 18,562. ಅಷ್ಟೇ ಸಾಕಾಯಿತು. ಗಿರಿ 4,20,077, ರೆಡ್ಡಿ 4,05,427. ಎರಡನೇ ಪ್ರಾಶಸ್ತ್ಯದಲ್ಲಿ ತೀರ್ಮಾನವಾದ ರಾಷ್ಟ್ರಪತಿ ಚುನಾವಣೆ ನಮ್ಮಲ್ಲಿ ಇದೊಂದೇ. ಕಾಂಗ್ರೆಸ್ ಅದೇ ವರ್ಷ ಇಬ್ಭಾಗವಾಯಿತು.

ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದಾಗ ಲೆಕ್ಕ ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಕರ್ನಾಟಕಕ್ಕೆ ರಾಜ್ಯಸಭೆಯಲ್ಲಿ 12 ಸ್ಥಾನ. ಸಾಮಾನ್ಯವಾಗಿ ಒಂದು ಸಲಕ್ಕೆ 4 ತೆರವಾಗುತ್ತವೆ. ಮತದಾರರು ವಿಧಾನಸಭೆಯ 224 ಚುನಾಯಿತ ಶಾಸಕರು. ಇಲ್ಲಿ ಒಂದೊಂದು ಮತಪತ್ರಕ್ಕೂ 100 ಮೌಲ್ಯ ಕಟ್ಟುತ್ತಾರೆ. ಒಟ್ಟು ಮೌಲ್ಯವನ್ನು ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ ಭಾಗಿಸಬೇಕು, ಬಂದದ್ದಕ್ಕೆ ಒಂದು ಕೂಡಿಸಬೇಕು. 22,400ನ್ನು 5ರಿಂದ ಭಾಗಿಸಿದರೆ 4,480, ಒಂದು ಕೂಡಿಸಿದರೆ 4,481. ಟಿವಿಯಲ್ಲಿ 45 ಶಾಸಕರ ಬಲ ಬೇಕು ಎಂದು ಹೇಳುವುದು ಇದನ್ನೇ. ಐದರಿಂದ ಯಾಕೆ ಭಾಗಿಸಬೇಕು, ನಾಲ್ಕರಿಂದ ಯಾಕಲ್ಲ? ತಲಾ 4,481 ಪಡೆಯಲು ನಾಲ್ವರಿಗೆ ಸಾಧ್ಯ, ಐವರಿಗೆ ಸಾಧ್ಯವೇ ಇಲ್ಲ. ಅದಕ್ಕಿಂತ ಹೆಚ್ಚು ಕೇಳುವ ಅಗತ್ಯವಿಲ್ಲ.

100ರ ಮೌಲ್ಯ ಯಾಕೆ ಎಂಬುದು ಹೆಚ್ಚುವರಿ ಮತದ ಹಂತದಲ್ಲಿ ಗೊತ್ತಾಗುತ್ತದೆ. 2022ರ ಜೂನ್‌ನಲ್ಲಿ ನಡೆದ ರಾಜ್ಯಸಭಾ ಚುನಾವಣೆಯನ್ನೇ ತೆಗೆದುಕೊಳ್ಳಿ. 4 ಸ್ಥಾನಕ್ಕೆ 6 ಅಭ್ಯರ್ಥಿಗಳು. ಬಿಜೆಪಿಯಿಂದ ನಿರ್ಮಲಾ ಸೀತಾರಾಮನ್, ಜಗ್ಗೇಶ್, ಲೆಹರ್ ಸಿಂಗ್. ಕಾಂಗ್ರೆಸ್ಸಿನಿಂದ ಜೈರಾಂ ರಮೇಶ್, ಮನ್ಸೂರ್ ಅಲಿ ಖಾನ್. ಜೆಡಿಎಸ್‌ನಿಂದ ಕುಪೇಂದ್ರ ರೆಡ್ಡಿ. ಮೊದಲ ಪ್ರಾಶಸ್ತ್ಯದಲ್ಲಿ ನಿರ್ಮಲಾ 46, ಜೈರಾಂ 46, ಜಗ್ಗೇಶ್ 44, ಲೆಹರ್ ಸಿಂಗ್ 33, ಕುಪೇಂದ್ರ ರೆಡ್ಡಿ 30, ಮನ್ಸೂರ್ 25.

ನಿರ್ಮಲಾ ಅವರ ಮೌಲ್ಯ 4,600. ಬೇಕಿದ್ದದ್ದು 4,481. ಮಿಕ್ಕದ್ದು 119. ಈ 119 ಹಾಳಾಗಬಾರದು ಎಂಬುದು ಪದ್ಧತಿಯ ಆಶಯ. ಹಾಗಂತ 46 ಚೀಟಿಗಳಲ್ಲಿ ಯಾವುದೋ ಒಂದನ್ನು ಹೆಚ್ಚುವರಿ ಎಂದು ಎತ್ತಿಕೊಳ್ಳುವಂತಿಲ್ಲ, ಯಾವುದನ್ನು ಎತ್ತಿದರೂ ಅನ್ಯಾಯ. ಆದ್ದರಿಂದ 46 ಚೀಟಿಗಳೂ ತಮ್ಮ 2ರ ಕಡೆಗೆ ಹೋಗುತ್ತವೆ, ಆದರೆ ತಲಾ 100 ಮೌಲ್ಯದಲ್ಲಿ ಅಲ್ಲ. 119ನ್ನು 46ಕ್ಕೆ ಹಂಚಿದರೆ ತಲಾ 2, ಭಿನ್ನರಾಶಿಯನ್ನು ಕೈಬಿಡುತ್ತಾರೆ. ಎಲ್ಲ ಚೀಟಿಗಳಲ್ಲೂ 2 ಒಬ್ಬರಿಗೇ ಇದೆ ಎಂದಿಟ್ಟುಕೊಂಡರೂ ಅವರಿಗೆ ಸಿಗುವುದು 92. ಒಬ್ಬ ಶಾಸಕನ ಒಂದು ಪೂರ್ತಿ ಮತಕ್ಕೂ ಕಡಿಮೆ. ಎರಡನೇ ಪ್ರಾಶಸ್ತ್ಯದ ಮತ ಇಷ್ಟು ಬಂತು ಅಷ್ಟು ಬಂತು ಎಂದು ಟಿವಿ ಚರ್ಚೆಗಳಲ್ಲಿ ದೊಡ್ಡ ಸಂಖ್ಯೆ ಹೇಳುವವರು ಈ ಮಾತನ್ನು ಮರೆಯುತ್ತಾರೆ. ಗೆದ್ದವರ ಚೀಟಿಯಲ್ಲಿನ 2ಕ್ಕೆ ಬೆಲೆ ಚಿಲ್ಲರೆ. ಸೋತವರ ಚೀಟಿಯಲ್ಲಿನ 2ಕ್ಕೆ ಪೂರ್ತಿ 100.

ಆ ಚುನಾವಣೆಯ ತಿರುಳು ಇರುವುದೂ ಅಲ್ಲೇ. ಕಟ್ಟಕಡೆಯಲ್ಲಿದ್ದ ಮನ್ಸೂರ್ ಹೊರಬಿದ್ದಾಗ ಅವರ 25 ಚೀಟಿಗಳು ಪೂರ್ಣ ಮೌಲ್ಯದಲ್ಲಿ ಓಡಾಡಲು ಸಿದ್ಧವಿದ್ದವು. ಅವುಗಳಲ್ಲಿ ಮುಂದಿನ ಪ್ರಾಶಸ್ತ್ಯ ಕುಪೇಂದ್ರ ರೆಡ್ಡಿಯವರಿಗೆ ಇದ್ದಿದ್ದರೆ 30ಕ್ಕೆ 25 ಸೇರಿ 55, ನಿರಾಯಾಸ ಗೆಲುವು. ಹಾಗಾಗಲಿಲ್ಲ. ಕಾಂಗ್ರೆಸ್, ಜೆಡಿಎಸ್ ನಡುವೆ ಹೊಂದಾಣಿಕೆ ಕುದುರಲಿಲ್ಲ. ಮುಂದಿನ ಸುತ್ತಿನಲ್ಲಿ ಕುಪೇಂದ್ರ ರೆಡ್ಡಿಯವರೂ ಹೊರಬಿದ್ದು, 33 ಮತದ ಲೆಹರ್ ಸಿಂಗ್ ನಾಲ್ಕನೆಯವರಾಗಿ ಆಯ್ಕೆಯಾದರು. ಎದುರಾಳಿಗಳ ಮತ ಒಡೆದು ಮೂರನೆಯವರು ಗೆಲ್ಲುವುದನ್ನು ತಪ್ಪಿಸಲೆಂದೇ ಇರುವ ಪದ್ಧತಿಯಲ್ಲಿ, ಮತ ಒಡೆದೇ ಮೂರನೆಯವರು ಗೆದ್ದರು. ಪದ್ಧತಿಯ ತಪ್ಪಲ್ಲ ಇದು. ವರ್ಗಾವಣೆಗೆ ಅವಕಾಶವಿತ್ತು, ವರ್ಗಾಯಿಸುವ ಮನಸ್ಸು ಎರಡೂ ಪಕ್ಷಗಳಿಗೆ ಇರಲಿಲ್ಲ.

ರಾಜ್ಯಸಭಾ ಚುನಾವಣೆಯಲ್ಲಿ ಶಾಸಕರ ಮನಸ್ಸು ಎನ್ನುವುದಕ್ಕಿಂತ ಪಕ್ಷದ ಮನಸ್ಸು ಎನ್ನುವುದೇ ಸರಿ. 2003ರಲ್ಲಿ ಕಾನೂನು ತಿದ್ದಿ ಅಲ್ಲಿ ಗುಪ್ತ ಮತದಾನವನ್ನು ತೆಗೆದುಹಾಕಲಾಯಿತು. ಶಾಸಕರು ಗುರುತು ಹಾಕಿದ ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. 2006ರಲ್ಲಿ ಸುಪ್ರೀಂ ಕೋರ್ಟ್ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಇದನ್ನು ಒಪ್ಪಿತು. ಅಡ್ಡಮತ ಹಾಕಿದ ಮಾತ್ರಕ್ಕೆ ಪಕ್ಷಾಂತರ ನಿಷೇಧ ಕಾಯ್ದೆಯಡಿ ಶಾಸಕತ್ವ ಹೋಗುವುದಿಲ್ಲ, ಪಕ್ಷ ತನ್ನ ಮಟ್ಟದಲ್ಲಿ ಶಿಸ್ತುಕ್ರಮ ಕೈಗೊಳ್ಳಬಹುದು. ಹಾಗಾಗಿಯೇ ಮತದಾನಕ್ಕೆ ಮುಂಚೆ ರೆಸಾರ್ಟು, ಹೋಟೆಲ್ಲು, ಬಸ್ಸಿನ ಮೆರವಣಿಗೆ. ವಿಧಾನ ಪರಿಷತ್ತಿಗೆ ಶಾಸಕರು ಮತ ಹಾಕುವಾಗ ಮಾತ್ರ ಗೌಪ್ಯತೆ ಹಾಗೆಯೇ ಉಳಿದಿದೆ. ಒಂದೇ ಕಟ್ಟಡ, ಅದೇ ಶಾಸಕರು, ನಿಯಮ ಬೇರೆ.

ರಾಜ್ಯಸಭಾ ಚುನಾವಣೆಯಲ್ಲಿ ತೋರಿಸಬೇಕಾದವರನ್ನು ಬಿಟ್ಟು ಬೇರೆಯವರಿಗೆ ತೋರಿಸಿದರೆ ಆ ಮತ ರದ್ದು. 2017ರ ಆಗಸ್ಟ್‌ನಲ್ಲಿ ಗುಜರಾತಿನಲ್ಲಿ ಇಬ್ಬರು ಕಾಂಗ್ರೆಸ್ ಶಾಸಕರ ಮತಗಳು ಇದೇ ಕಾರಣಕ್ಕೆ ಮಧ್ಯರಾತ್ರಿಯ ಹೊತ್ತಿಗೆ ಚುನಾವಣಾ ಆಯೋಗದಿಂದ ರದ್ದಾದವು. 3 ಸ್ಥಾನ, 176 ಮತ. ಆ ಎರಡು ಮತ ಉಳಿದಿದ್ದರೆ ಕೋಟಾ 17,600 ಭಾಗ 4, ಅಂದರೆ 4,400, ಮೇಲೆ ಒಂದು: 4,401. ರದ್ದಾದ ಮೇಲೆ 17,400 ಭಾಗ 4, 4,350, ಮೇಲೆ ಒಂದು: 4,351. ಕಾಂಗ್ರೆಸ್ ಅಭ್ಯರ್ಥಿ ಅಹ್ಮದ್ ಪಟೇಲರಿಗೆ ಬಿದ್ದದ್ದು 44 ಮತ, 4,400. ಮೊದಲಿನ ಲೆಕ್ಕದಲ್ಲಿ ಒಂದೇ ಒಂದು ಅಂಕ ಕಡಿಮೆ. ಎರಡನೇ ಲೆಕ್ಕದಲ್ಲಿ ಧಾರಾಳ ಗೆಲುವು. ಎಲ್ಲರೂ ಮತಗಳ ಕಡೆ ನೋಡುತ್ತಿರುವಾಗ ಕೋಟಾದ ಲೆಕ್ಕದೊಳಗೆ ಕೂತ ನಿಯಮವೊಂದು ಫಲಿತಾಂಶ ಬರೆದ ಪ್ರಸಂಗ ಇದು. ಅದರ ಹಿಂದಿನ ವರ್ಷ ಹರಿಯಾಣದಲ್ಲಿ ಹತ್ತಕ್ಕೂ ಹೆಚ್ಚು ಕಾಂಗ್ರೆಸ್ ಶಾಸಕರ ಮತಗಳು ಬೇರೆ ಪೆನ್ನಿನಲ್ಲಿ ಗುರುತು ಹಾಕಿದ್ದರಿಂದ ಬಿದ್ದುಹೋಗಿ, ಸೋಲಬೇಕಿದ್ದವರು ಗೆದ್ದಿದ್ದರು. ಆಮೇಲೆ ಆಯೋಗ ಇಂಥ ಚುನಾವಣೆಗಳಿಗೆಂದೇ ನೇರಳೆ ಬಣ್ಣದ ವಿಶೇಷ ಪೆನ್ ತಂದಿತು.

ಪೆನ್ನಿನ ನಿಯಮ ಪದವೀಧರರಿಗೂ ಅನ್ವಯ. ಜೇಬಿನಲ್ಲಿರುವ ಪೆನ್ ತೆಗೆಯುವಂತಿಲ್ಲ, ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. ಅಂಕಿಯನ್ನು 1 ಎಂದು ಬರೆಯಬಹುದು, ಕನ್ನಡದ ೧ ಎಂದೂ ಬರೆಯಬಹುದು, ರೋಮನ್ ಅಂಕಿಯೂ ನಡೆಯುತ್ತದೆ. ‘ಒಂದು’ ಎಂದು ಅಕ್ಷರದಲ್ಲಿ ಬರೆಯುವಂತಿಲ್ಲ. ರೈಟ್ ಮಾರ್ಕ್, ಇಂಟು ಮಾರ್ಕ್ ಹಾಕಿದರೆ, ಸಹಿ ಮಾಡಿದರೆ, 1 ಇಬ್ಬರ ಮುಂದೆ ಇದ್ದರೆ, ಒಬ್ಬರ ಮುಂದೆಯೇ 1 ಮತ್ತು 2 ಎರಡೂ ಇದ್ದರೆ ಆ ಚೀಟಿ ಕುಲಗೆಟ್ಟಿತು. 2 ಇಬ್ಬರಿಗೆ ಬಿದ್ದರೆ ಪೂರ್ತಿ ಕೆಡುವುದಿಲ್ಲ. 1ರ ಮಟ್ಟಿಗೆ ಬದುಕಿದ್ದು ಅಲ್ಲಿಗೇ ನಿಲ್ಲುತ್ತದೆ. 1 ಬರೆದು 2 ಬಿಟ್ಟು ನೇರ 3 ಬರೆದರೂ ಅಷ್ಟೇ, ಆ 3ಕ್ಕೆ ಅರ್ಥವಿಲ್ಲ. ಪದವಿ ಪಡೆದವರೇ ಮತ ಹಾಕುವ ಈ ಚುನಾವಣೆಗಳಲ್ಲಿ ಕುಲಗೆಟ್ಟ ಮತಗಳು ಸಾವಿರಗಟ್ಟಲೆ ಸಿಗುತ್ತವೆ ಎನ್ನುವುದು ನಮ್ಮ ಕಾಲೇಜುಗಳ ಬಗ್ಗೆ ಏನು ಹೇಳುತ್ತದೋ, ಓದುಗರೇ ಯೋಚಿಸಲಿ. ಸುತ್ತಿನ ಮೇಲೆ ಸುತ್ತು ಚೀಟಿ ಬಿಡಿಸುವ ಕೆಲಸವಾದ್ದರಿಂದ ಅಭ್ಯರ್ಥಿಗಳು ಹೆಚ್ಚಿದ್ದರೆ ಎಣಿಕೆ ಮಾರನೇ ದಿನಕ್ಕೂ ಎಳೆಯುತ್ತದೆ. ಏಜೆಂಟರು ಕುರ್ಚಿಯಲ್ಲೇ ತೂಕಡಿಸುತ್ತಾರೆ.

ಪ್ರಚಾರದ ಬಗೆಯೂ ಇಲ್ಲಿ ಬೇರೆ. ದೊಡ್ಡ ಸಭೆ, ರೋಡ್ ಶೋಗಳಿಗೆ ಅಷ್ಟು ಕೆಲಸವಿಲ್ಲ. ಕ್ಷೇತ್ರ ನಾಲ್ಕೈದು ಜಿಲ್ಲೆಗಳಷ್ಟಿದ್ದರೂ ಮತದಾರರು ಚದುರಿ ಹೋಗಿರುತ್ತಾರೆ. ಶಾಲೆಯ ಸ್ಟಾಫ್ ರೂಮು, ವಕೀಲರ ಸಂಘ, ನೌಕರರ ಸಂಘ ಇವೇ ರಣರಂಗ. ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಬಸವರಾಜ ಹೊರಟ್ಟಿ 8 ಸಲ ಗೆದ್ದಿದ್ದಾರೆ. ಕೊನೆಯ ಸಲ ಪಕ್ಷ ಬದಲಿಸಿ ನಿಂತರೂ ಮತದಾರರು ಕೈಬಿಡಲಿಲ್ಲ. ಪಕ್ಷದ ಚಿಹ್ನೆಗಿಂತ ಮುಖಪರಿಚಯ ಎಷ್ಟು ಭಾರ ಎನ್ನಲು ಇಷ್ಟು ಸಾಕು. ಖರ್ಚಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿ 95 ಲಕ್ಷ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿ ಮೀರುವಂತಿಲ್ಲ ಎಂಬ ಮಿತಿ 2022ರಿಂದ ಇದೆ. ಪರಿಷತ್ ಚುನಾವಣೆಗೆ ಮಿತಿಯೇ ಇಲ್ಲ. ಮತದಾರರ ಸಂಖ್ಯೆ ಚಿಕ್ಕದಿರುವ ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಲ್ಲಿ ಇದರ ಪರಿಣಾಮ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲ ಲೆಕ್ಕ ಗೊತ್ತಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಉಪಯೋಗವಿಲ್ಲ, ಇಲ್ಲೇ ಹಲವರು ಎಡವುತ್ತಾರೆ. ವಿಧಾನಸಭೆಯ ಮತದಾರರ ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಪ್ರತಿ ಸಲವೂ ಹೊಸ ಪಟ್ಟಿ, ಕಳೆದ ಸಲ ಮತ ಹಾಕಿದವರೂ ಮತ್ತೆ ಅರ್ಜಿ ಕೊಡಬೇಕು. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ ನಮೂನೆ 19. ಅರ್ಹತೆಯ ದಿನಾಂಕ ನವೆಂಬರ್ 1. ಆ ದಿನಕ್ಕೆ ಪದವಿ ಮುಗಿದು 3 ವರ್ಷ ತುಂಬಿರಬೇಕು, ಆ ಕ್ಷೇತ್ರದ ನಿವಾಸಿಯಾಗಿರಬೇಕು. ಶಿಕ್ಷಕರಾದರೆ ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ ಪಾಠ ಮಾಡಿರಬೇಕು, ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಈ ಮತವಿಲ್ಲ. ಅಭ್ಯರ್ಥಿಗೆ ಮಾತ್ರ ಇಂಥ ಯಾವ ಷರತ್ತೂ ಇಲ್ಲ. ವಯಸ್ಸು 30 ಆಗಿದ್ದು ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರನಾಗಿದ್ದರೆ, ಪದವಿಯ ಮೆಟ್ಟಿಲು ಹತ್ತದವರೂ ಪದವೀಧರ ಕ್ಷೇತ್ರದಿಂದ ನಿಲ್ಲಬಹುದು.